ಕಾಂಟನ ದಿನಚರಿ

ಪ್ರಷ್ಯ ದೇಶದ ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ, ಕುದುರೆಯ ಜೀನು ಲಗಾಮುಗಳ ಚರ್ಮದ ಕೆಲಸ ಮಾಡಿ ಜೀವಿಸುತ್ತಿದ್ದ ಕುಶಲಕರ್ಮಿಯೊಬ್ಬನ ಮಗನಾಗಿ ಇಮ್ಮಾನ್ಯುಯೆಲ್ ಕಾಂಟನು 1724ನೆಯ ಏಪ್ರಿಲ್ 22ರಂದು ಜನಿಸಿದನು. ಆ ಪಟ್ಟಣವು ಈಗ ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾದ್ ಎಂಬ ಹೆಸರನ್ನು ಪಡೆದಿದೆ. ಸುಮಾರು ಎಂಬತ್ತು ವರ್ಷಗಳ ಆಯುಷ್ಯದಲ್ಲಿ ಈ ತತ್ತ್ವಜ್ಞಾನಿಯು ಆ ಪ್ರಾಂತದ ಗಡಿಯನ್ನು ದಾಟಲಿಲ್ಲ. 1778ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಹೆಚ್ಚಿನ ಸಂಬಳದ ಕರೆ ಬಂದಾಗಲೂ ಅದನ್ನು ಒಲ್ಲೆನೆಂದನು. ದಿಗ್‌ವ್ರತವನ್ನು ಬಲ್ಲವರಿಗೆ ಇದು ಪರಿಚಿತವೆನಿಸಬಹುದು. ಆದರೆ ಕಾಂಟನದು ವ್ರತವಲ್ಲ. ರೂಢಿಯಾದ ಬಾಳನ್ನು ಕದಲಿಸಲು ಆತನಿಗೆ ಮನಸ್ಸಿರಲಿಲ್ಲ, ದೇಹವೂ ದುರ್ಬಲವಾಗಿತ್ತು.

ಆತನು ಹುಟ್ಟಿನಿಂದಲೇ ಹೀಗಿದ್ದನೆಂದು ತಿಳಿಯುವುದು ತಪ್ಪು. 1755ರಲ್ಲಿ ಅಧ್ಯಾಪನವನ್ನು ಆರಂಭಿಸಿದ ತರುಣ ಕಾಂಟನು ಒಳ್ಳೆಯ ಉಡುಪು, ಇಸ್ಪೀಟು, ಗೆಳೆಯರ ಔತಣಗಳನ್ನು ಮೆಚ್ಚಿದವನು. ರಾತ್ರಿ ತಡವಾಗಿ ಮನೆಗೆ ಮರಳುತ್ತಿದ್ದವನು. ನಲವತ್ತರ ಆಸುಪಾಸಿನಲ್ಲಿ ಗ್ರೀನ್ ಎಂಬ ಆಂಗ್ಲ ವರ್ತಕನ ಸ್ನೇಹವಾಯಿತು. ಒಮ್ಮೆ ಮರುದಿನ ಬೆಳಿಗ್ಗೆ 8 ಗಂಟೆಗೆ ಗಾಡಿಯಲ್ಲಿ ಹೊರಡುವುದೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದರು. ಕಾಂಟನು ಒಂದೆರಡು ನಿಮಿಷ ತಡಮಾಡಿದನು. 8 ಹೊಡೆದೊಡನೆ ಹೊರಟಿದ್ದ ಗ್ರೀನನು, ದಾರಿಯಲ್ಲಿ ಎದುರಾಗಿ ಕೈಬೀಸಿದ ಗೆಳೆಯನನ್ನು ಕಂಡೂ ಗಾಡಿಯನ್ನು ನಿಲ್ಲಿಸಲಿಲ್ಲ. ಈ ಗೆಳೆತನವು ಕಾಂಟನ ಬಾಳನ್ನು ಕ್ರಮಕ್ಕೆ ತಂದಿತು.

ಬೆಳಗಿನ ಜಾವ 5 ಗಂಟೆಗೆ ಮೊದಲೇ, ಹಿಂದೆ ಸಿಪಾಯಿಯಾಗಿದ್ದ ಲಾಂಪೆ ಎಂಬ ಸೇವಕನು ಒಡೆಯನನ್ನು ಎಬ್ಬಿಸಬೇಕು; ಎಷ್ಟೇ ಬೇಡಿಕೊಂಡರೂ ಮಲಗಗೊಡಬಾರದು. ತೆಳುವಾದ ಚಹಾ, ಒಂದು ಚಿಲುಮೆ ಹೊಗೆಸೊಪ್ಪು, ಪಾಠದ ಸಿದ್ಧತೆ, ಪಾಠ, ಬರವಣಿಗೆ. ಮಧ್ಯಾಹ್ನ ಗೆಳೆಯರೊಡನೆ ಊಟ. ಇಡೀ ದಿನಕ್ಕೆ ಅದೊಂದೇ. ಇದನ್ನು ನಮ್ಮ ಏಕಭುಕ್ತದೊಡನೆ ಹೋಲಿಸಲಾಗದು. ಆ ಊಟದಲ್ಲಿ ಮಾಂಸವೂ ಮದ್ಯವೂ ಇದ್ದವು, ಮಾತುಕತೆ ಗಂಟೆಗಟ್ಟಲೆ ನಡೆಯುತ್ತಿತ್ತು. ಬಳಿಕ ಒಬ್ಬನೇ ನಡಿಗೆ. ಮಾತನಾಡಿದರೆ ಬಾಯಿಯಿಂದ ಉಸಿರೆಳೆಯಬೇಕಾಗುವುದೆಂದು ಜೊತೆಗಾರರನ್ನು ಕರೆದೊಯ್ಯುತ್ತಿರಲಿಲ್ಲ. ಆ ನಡಿಗೆಯನ್ನು ನೋಡಿ ನೆರೆಯವರು ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಿದ್ದರೆಂಬ ಪ್ರಸಿದ್ಧ ಮಾತಿನಲ್ಲಿ ಉತ್ಪ್ರೇಕ್ಷೆಯಿರಬಹುದು. ರಾತ್ರಿ 10ಕ್ಕೆ ನಿದ್ರೆ.

ಇಕ್ಕಟ್ಟಾದ ಎದೆಯ, ಬಡಕಲು ಮೈಯ ಈ ಮನುಷ್ಯನು 1770ರಲ್ಲಿ ಪ್ರಾಧ್ಯಾಪಕನಾದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚೇನನ್ನೂ ಪ್ರಕಟಿಸಲಿಲ್ಲ. ಹೊರಗಿನವರಿಗೆ ಕಾಣುತ್ತಿದ್ದುದು ಅದೇ ಚಹಾ, ಅದೇ ಪಾಠ, ಅದೇ ಬೀದಿ. 1781ರಲ್ಲಿ ಶುದ್ಧ ಬುದ್ಧಿಯ ವಿಮರ್ಶೆಯ ಮಹಾಗ್ರಂಥವು ಹೊರಬಂದಾಗ ಆತನಿಗೆ 57 ವರ್ಷ. ಪೈರಿಗೆ ಬೇಲಿಯಿದ್ದಂತೆ ಆ ದಿನಚರಿಯು ಇಷ್ಟು ಕಾಲ ಇದನ್ನು ಕಾಯ್ದಿತ್ತು. 1788 ಮತ್ತು 1790ರಲ್ಲಿ ಇನ್ನೆರಡು ವಿಮರ್ಶೆಗಳು ಬಂದವು.

ಆದರೆ ಬೇಲಿಯೂ ಬೆಳೆಯತೊಡಗಿತು. ದಿನಕ್ಕೆ ಒಂದೇ ಚಿಲುಮೆ ಎಂಬ ನಿಯಮವನ್ನು ಕಾಂಟನು ಮುರಿಯಲಿಲ್ಲ. ವರ್ಷಗಳು ಉರುಳಿದಂತೆ ಚಿಲುಮೆಯೇ ದೊಡ್ಡದಾಗುತ್ತ ಬಂದಿತು. ಅತಿಚಾರವೆಂದರೇನೆಂದು ಅರಿತ ಶ್ರಾವಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಜೆ ಒಲೆಯ ಬಳಿ ಕುಳಿತು, ಕಿಟಕಿಯಾಚೆಯ ಒಂದು ಗೋಪುರದಲ್ಲಿ ದೃಷ್ಟಿ ನೆಟ್ಟು ಚಿಂತನೆ ಮಾಡುವುದು ಆತನ ವಾಡಿಕೆ. ನೆರೆಯ ತೋಟದ ಪಾಪ್ಲರ್ ಮರಗಳು ಬೆಳೆದು ಗೋಪುರವನ್ನು ಮರೆಮಾಡಿದಾಗ ಆತನ ಮನಸ್ಸು ಕದಡಿತು, ಚಿಂತನೆಯೇ ಸಾಗದಾಯಿತು. ತೋಟದ ಒಡೆಯನು ಸಜ್ಜನ. ಮರಗಳ ತುದಿಗಳನ್ನು ಕಡಿಸಿದನು. ಜಗತ್ತಿನ ತರ್ಕವನ್ನೇ ಅಲುಗಿಸಿದ ಮೇಧಾವಿಯು ಒಂದು ಮರದ ಕೊಂಬೆಗೆ ಅಧೀನನಾದುದು ಯೋಚನೆಗೆ ತಕ್ಕ ಸಂಗತಿ.

1796ರಲ್ಲಿ ಪಾಠಗಳು ನಿಂತವು. ಬರವಣಿಗೆ ನಡೆದಿತ್ತಾದರೂ ಕೊನೆಯ ಗ್ರಂಥವು ಪೂರ್ಣವಾಗಲಿಲ್ಲ. ಯಾವ ಕಾರ್ಯಕ್ಕಾಗಿ ಹೊತ್ತುಗಳನ್ನು ಬಿಗಿದಿದ್ದನೋ ಆ ಕಾರ್ಯವು ಕೈಜಾರಿತು, ಹೊತ್ತುಗಳ ಬಿಗಿ ಮಾತ್ರ ಉಳಿಯಿತು. ಊಟದ ನಂತರದ ಕಾಫಿ ಒಂದು ನಿಮಿಷ ತಡವಾದರೂ ಸಹಿಸದಾದನು. ಕುಡಿತದಿಂದ ಕೆಟ್ಟಿದ್ದ ಲಾಂಪೆಯನ್ನು 1802ರಲ್ಲಿ ಬಿಡಿಸಿ ಹೊಸಬನನ್ನು ನೇಮಿಸಿದಾಗ, ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ವಾಸಿಯಾನ್ಸ್ಕಿಯು ನಸುಕಿನಲ್ಲೇ ಬಂದು ಚಹಾದ ವೇಳೆ ಎದುರಿಗೆ ಕುಳಿತನು. ಮುದುಕನು ಚಹಾ ಕುಡಿಯಲಾರದೆ ತೊಳಲಿದನು. ಅರ್ಧ ಶತಮಾನದಿಂದ ಆ ಹೊತ್ತಿನಲ್ಲಿ ಎದುರಿಗೆ ಯಾರೂ ಇದ್ದುದಿಲ್ಲ. ಕಾಣದಂತೆ ಹಿಂದೆ ಕುಳಿತುಕೊಳ್ಳಬೇಕೆಂದು ವಿನಯದಿಂದ ಕೇಳಿಕೊಂಡನು. ಹೊಸ ಸೇವಕನನ್ನೂ ಲಾಂಪೆ ಎಂದೇ ಕರೆಯುತ್ತಿದ್ದುದರಿಂದ, ಆ ಹೆಸರನ್ನು ಮರೆಯಬೇಕೆಂದು ನೆನಪಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡನು.

1804ರ ಫೆಬ್ರವರಿಯ ಆರಂಭಕ್ಕೆ ನಡಿಗೆ ನಿಂತಿತ್ತು, ಕಣ್ಣು ಮಂದವಾಗಿತ್ತು, ಮಾತು ತೊದಲುತ್ತಿತ್ತು. ಒಂದು ದಿನ ವೈದ್ಯನು ನೋಡಲು ಬಂದನು. ಕಾಂಟನು ಕುರ್ಚಿಯಿಂದ ಎದ್ದು, ಮೈ ನಡುಗುತ್ತಿದ್ದರೂ ನಿಂತೇ ಇದ್ದನು. ಅತಿಥಿಯು ಕುಳಿತ ಹೊರತು ತಾನು ಕೂರುವುದಿಲ್ಲವೆಂಬುದು ವೈದ್ಯನಿಗೆ ಮೊದಲು ಅರ್ಥವಾಗಲಿಲ್ಲ. ವಾಸಿಯಾನ್ಸ್ಕಿಯು ಅದನ್ನು ತಿಳಿಸಬೇಕಾಯಿತು. ವೈದ್ಯನು ಕುಳಿತನು, ಆಮೇಲೆ ಕಾಂಟನೂ ಕುಳಿತನು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 12ರ ಬೆಳಿಗ್ಗೆ 11 ಗಂಟೆಯ ಸುಮಾರಿಗೆ, ಆತನು ಮೃತನಾದನು.