ರವೀಂದ್ರನಾಥರ ಪಾಠಶಾಲೆಯಲ್ಲಿ ನಾಟಕ

ನಾಟಕವು ದೃಶ್ಯಕಾವ್ಯವೆಂದು ನಮ್ಮ ಆಲಂಕಾರಿಕರು ವಿಧಿಸಿರುವರು. ಆದರೂ ಪಾಠಶಾಲೆಗಳಲ್ಲಿ ಅದನ್ನು ಪದಚ್ಛೇದ, ಅನ್ವಯ, ತಾತ್ಪರ್ಯಗಳಿಂದ ಅರೆದು, ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವುದೇ ರೂಢಿಯಾಗಿದೆ. ನಾಟಕವನ್ನು ಆಡಿಯೇ ಕಲಿಯತಕ್ಕುದೆಂದು ಕೃತಿಯಿಂದ ತೋರಿಸಿದ ಮಹನೀಯರಲ್ಲಿ ಕವೀಂದ್ರ ರವೀಂದ್ರನಾಥ ಠಾಕೂರರು ಅಗ್ರಗಣ್ಯರು.

ಕ್ರಿ. ಶ. ೧೮೬೧ರಲ್ಲಿ ಕಲಕತ್ತೆಯ ಜೋಡಾಸಾಂಕೋ ಭವನದಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲಿ ಪಾಠಶಾಲೆಯು ಸೆರೆಮನೆಯಂತೆ ತೋರಿತು. ಸೇರಿಸಿದ ಶಾಲೆಗಳಲ್ಲೊಂದರಲ್ಲಿಯೂ ಅವರು ನಿಲ್ಲಲಿಲ್ಲ. ಮನೆಯಲ್ಲಿಯಾದರೋ ಸಂಗೀತ ನಾಟಕಗಳು ನಿತ್ಯ ವ್ಯವಹಾರವಾಗಿದ್ದುವು. ೧೮೮೧ರಲ್ಲಿ ತಾವೇ ರಚಿಸಿದ ‘ವಾಲ್ಮೀಕಿ ಪ್ರತಿಭಾ’ ಗೀತನಾಟಕದಲ್ಲಿ ವಾಲ್ಮೀಕಿಯ ವೇಷವನ್ನು ಧರಿಸಿದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ತಮಗೆ ದೊರೆಯದಿದ್ದ ಶಾಲೆಯನ್ನು ಅನ್ಯರ ಮಕ್ಕಳಿಗೆ ಕಟ್ಟಿಕೊಡಬೇಕೆಂದು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಬಾಲಕರೊಡನೆ ಬ್ರಹ್ಮಚರ್ಯಾಶ್ರಮವನ್ನು ಸ್ಥಾಪಿಸಿದರು. ಅಲ್ಲಿಯ ವಿದ್ಯಾರ್ಥಿಗಳಿಗಾಗಿಯೇ ೧೯೦೮ರಲ್ಲಿ ‘ಶಾರದೋತ್ಸವ’ವನ್ನು ಬರೆದರು. ಅದರಲ್ಲಿ ಸ್ತ್ರೀಪಾತ್ರವಿಲ್ಲ. ಸಂಗಡಿಗರು ರಜೆಯ ಆಟದಲ್ಲಿ ಮೈಮರೆತಿರಲು, ಉಪನಂದನೆಂಬ ಬಾಲಕನು ಗತಿಸಿದ ಗುರುವಿನ ಸಾಲವನ್ನು ತೀರಿಸಲು ಹಸ್ತಪ್ರತಿಗಳನ್ನು ನಕಲು ಮಾಡುತ್ತ ಕುಳಿತಿರುವನು. ಋಣಪರಿಹಾರವೇ ಉತ್ಸವವೆಂಬ ಈ ತತ್ತ್ವವನ್ನು ಉಪನ್ಯಾಸದಿಂದ ಬೋಧಿಸಿದ್ದರೆ ಹುಡುಗರು ತೂಕಡಿಸುತ್ತಿದ್ದರು. ಪಾತ್ರವಾಗಿ ನಡೆದಾಗ ಅದು ಅವರ ಅನುಭವವಾಯಿತು. ಉಪಾಧ್ಯಾಯರೂ ಶಿಷ್ಯರೊಡನೆ ಬಣ್ಣ ಹಚ್ಚಿದರು. ಕವಿಯೂ ವೇಷ ಕಟ್ಟಿದರು; ಅಭ್ಯಾಸ ಸಾಗಿದಂತೆ ತಮ್ಮ ನಾಟಕಗಳನ್ನು ತಿದ್ದುವುದು ಅವರ ಪದ್ಧತಿಯಾಗಿದ್ದಿತು.

ಚಿತ್ರಿತ ಪರದೆಗಳ ಆಡಂಬರವು ಪ್ರೇಕ್ಷಕರ ಕಲ್ಪನೆಗೆ ಮಾಡುವ ಅವಮಾನವೆಂಬುದು ೧೯೦೨ರಷ್ಟು ಹಿಂದೆಯೇ ಅವರು ಪ್ರಕಟಿಸಿದ ಮತ. ೧೯೨೬ರಲ್ಲಿ ‘ನಟೀರ ಪೂಜಾ’ ನಾಟಕಕ್ಕೆ ಆಶ್ರಮದ ಬಾಲಿಕೆಯರನ್ನೇ ರಂಗಕ್ಕೆ ತಂದರು. ಕುಲೀನ ಕನ್ಯೆಯರು ಸಭೆಯಲ್ಲಿ ನರ್ತಿಸುವುದು ನಿಂದೆಗೆ ಗುರಿಯಾಗುತ್ತಿದ್ದ ಕಾಲವದು. ಅವರು ಹಿಂಜರಿಯಲಿಲ್ಲ.

೧೯೨೧ರಲ್ಲಿ ವಿಶ್ವಭಾರತಿಯಾಗಿ ಬೆಳೆದ ಸಂಸ್ಥೆಗೆ ಧನಾಭಾವವು ತಪ್ಪಲಿಲ್ಲ. ೧೯೩೬ರಲ್ಲಿ, ತಮ್ಮ ಎಪ್ಪತ್ತೈದನೆಯ ವರ್ಷದಲ್ಲಿ, ಕ್ಷೀಣದೇಹಿಯಾದ ಕವಿಯು ವಿದ್ಯಾರ್ಥಿ ತಂಡದೊಡನೆ ‘ಚಿತ್ರಾಂಗದಾ’ವನ್ನು ಆಡಿಸುತ್ತ ಉತ್ತರ ಹಿಂದೂಸ್ಥಾನದಲ್ಲಿ ಸಂಚರಿಸಿದರು. ದೆಹಲಿಯಲ್ಲಿ ಇದನ್ನರಿತು ನೊಂದ ಮಹಾತ್ಮಾ ಗಾಂಧಿಯವರು ೬೦,೦೦೦ ರೂಪಾಯಿಗಳನ್ನು ಒದಗಿಸಿಕೊಟ್ಟು ಆ ಶ್ರಮವನ್ನು ನಿಲ್ಲಿಸಿದರು. ೧೯೪೧ನೆಯ ಆಗಸ್ಟ್ ೭ರಂದು ಕವೀಂದ್ರರು ದಿವಂಗತರಾದರು.

ನಾಟಕವಾಡಿಸಲು ವೇಳೆಯಿಲ್ಲ, ಹಣವಿಲ್ಲ ಎಂಬುದು ಶಾಲಾಧಿಕಾರಿಗಳ ವಾಡಿಕೆಯ ಉತ್ತರ. ಪರದೆಯನ್ನೇ ಬಿಟ್ಟು ಆಡಿಸಬಹುದೆಂದು ಸಾರಿದವರ ಚರಿತ್ರೆಯ ಮುಂದೆ ಆ ಉತ್ತರವು ನಿಲ್ಲದು. ಮೇಜನ್ನು ಬದಿಗೆ ಸರಿಸಿ, ಇಬ್ಬರು ಹುಡುಗರನ್ನು ಎದುರುಬದುರಾಗಿ ನಿಲ್ಲಿಸಿ, ಒಂದು ಪ್ರವೇಶವನ್ನು ಆಡಿಸಲು ಉಪಾಧ್ಯಾಯರ ಮನಸ್ಸೊಂದಿದ್ದರೆ ಸಾಕು.