ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ

ನಮ್ಮ ಹಿರೇಹಂದಿಗೋಳವೂ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಅದೇ ಧಾರವಾಡದಲ್ಲಿ, 1870ರ ದಶಕದಲ್ಲಿ, ದಲಿತ ಕುಟುಂಬವೊಂದರಲ್ಲಿ ಹುಟ್ಟಿದವರು ಕ್ರಿಕೆಟ್ ಆಟಗಾರ ಪಲ್ವಂಕರ್ ಬಾಲೂ. ಪುಣೆಯ ಕ್ಲಬ್ಬಿನಲ್ಲಿ ತಿಂಗಳಿಗೆ ಕೆಲವೇ ರೂಪಾಯಿ ಸಂಬಳಕ್ಕೆ ಅವರು ಪಿಚ್ ನೋಡಿಕೊಳ್ಳುತ್ತಿದ್ದರು. ಬ್ರಿಟಿಷರ ಅಭ್ಯಾಸಕ್ಕೆಂದು ಬೌಲಿಂಗ್ ಮಾಡುತ್ತ ಮಾಡುತ್ತಲೇ ಎಡಗೈ ಸ್ಪಿನ್ನಿನಲ್ಲಿ ಪಳಗಿದರು.

ಪುಣೆಯ ಹಿಂದೂ ತಂಡ ಆಗಷ್ಟೇ ಬಲಗೊಳ್ಳುತ್ತಿತ್ತು. ಗೆಲ್ಲಲು ಬಾಲೂ ಬೇಕಿತ್ತು, ಆದರೆ ಜಾತಿ ಅಡ್ಡ ಬಂತು. ಕೊನೆಗೂ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುತ್ತಿದ್ದುದು ಒಂದೇ ಚೆಂಡು. ಚಹಾ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಬೇರೆಯೇ ಲೋಟ. ಈ ಅವಮಾನಕ್ಕೆ ಅವರು ಆಟದಿಂದಲೇ ಉತ್ತರ ಕೊಟ್ಟರು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆದರೂ ನಾಯಕನ ಸ್ಥಾನಕ್ಕೆ ಅವರನ್ನು ಆರಿಸಲಿಲ್ಲ. ಆ ಸ್ಥಾನ 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ಬಾಲೂ 1955ರಲ್ಲಿ ತೀರಿಕೊಂಡರು.

ನೀವೂ ಶಾಲೆಯಲ್ಲಿ ತಂಡ ಕಟ್ಟುವಾಗ ಹುಡುಗನ ಆಟ ನೋಡಿರಿ. ಅವನ ಓಣಿ, ಮನೆತನ ಕೇಳಬೇಡಿರಿ. ನೀರು ಕುಡಿಯುವ ಲೋಟವೂ ಎಲ್ಲರಿಗೂ ಒಂದೇ ಇರಲಿ.