ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸಿದ ಸರ್ ಎಂ.ವಿ.

ಬೆಳಗೊಳ: ಮನೆ ಕಟ್ಟೋಕೆ ಹೊರಟವರು ಕಂಬಿ ಅಂಗಡಿಗೆ ಹೋದರೆ ಮೊದಲು ಕೇಳೋದು ಕೆ.ಜಿ.ಗೆ ಎಷ್ಟು ಅಂತ. ಆಮೇಲೆ ಯಾವ ಕಂಪನಿ, ಎಷ್ಟು ಎಂಎಂ ಅಂತ. ಆ ಕಂಬಿ ಯಾವ ಬೆಂಕಿಯಲ್ಲಿ ಕರಗಿ ಬಂತು ಅಂತ ಕೇಳುವವರು ಇಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮಾತ್ರ ನೂರು ವರ್ಷದ ಹಿಂದೆಯೇ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಹವಾಮಾನದ ಚಿಂತೆಯಿಂದಲ್ಲ, ಮೈಸೂರು ಸೀಮೆಯಲ್ಲಿ ಕಲ್ಲಿದ್ದಲೇ ಇರಲಿಲ್ಲ ಅನ್ನೋ ಕಾರಣಕ್ಕೆ.

ಇವತ್ತು ಇಡೀ ಜಗತ್ತಿನ ಉಕ್ಕಿನ ಕಾರ್ಖಾನೆಗಳು ಕಲ್ಲಿದ್ದಲು ಕಡಿಮೆ ಮಾಡುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿವೆ. ಮಂಡ್ಯ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕ ಫೋಟೊ ಹಾಕಿಸಿಕೊಂಡಿರುವ ಈ ಎಂಜಿನಿಯರ್ ಆ ದಾರಿಯಲ್ಲಿ ಎಷ್ಟು ದೂರ ನಡೆದಿದ್ದರು, ಎಲ್ಲಿ ಎಡವಿದರು, ಏನು ಉಳಿಸಿ ಹೋದರು ಎನ್ನುವುದು ಕಟ್ಟೆಯ ಕಥೆಯಷ್ಟು ಜನರಿಗೆ ತಿಳಿದಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಓದುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅಲ್ಲಿ ಅವರ ಹೆಸರು ಮೇಲೆ ಬಂದಿದ್ದು ನೀರಿನ ಕೆಲಸದಲ್ಲಿ. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ತಾನೇ ತೆರೆದು ತಾನೇ ಮುಚ್ಚುವ ಗೇಟುಗಳನ್ನು 1903ರಲ್ಲಿ ಹಾಕಿಸಿದರು. ಅಂಥ ಗೇಟುಗಳು ಮುಂದೆ ಕೆಆರ್‌ಎಸ್‌ಗೂ ಬಂದವು. ನಡುವೆ 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದರು. ಸಣ್ಣ ದೇಶ ಕೈಗಾರಿಕೆ ಹಿಡಿದು ಹೇಗೆ ಮೇಲೆ ಬರುತ್ತಿದೆ ಅನ್ನೋದನ್ನು ಕಣ್ಣಾರೆ ಕಂಡರು. ನಮ್ಮ ನಾಡಿನ ಕಚ್ಚಾ ಮಾಲು ಹಡಗು ಹತ್ತಿ ಹೋಗಿ, ಸಾಮಾನಾಗಿ ದುಪ್ಪಟ್ಟು ಬೆಲೆಗೆ ವಾಪಸ್ ಬರೋದು ನಿಲ್ಲಬೇಕು ಅನ್ನೋ ಹಟ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಮೊದಲು ನೀರು, ಆಮೇಲೆ ಕರೆಂಟು

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಆಗಲೇ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಏಳು ವರ್ಷವಾಗಿತ್ತು. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ತೊಂದರೆ ಇದ್ದದ್ದು ಬೇಸಿಗೆಯಲ್ಲಿ. ಕಾವೇರಿ ಬತ್ತಿದರೆ ಯಂತ್ರ ನಿಧಾನವಾಗುತ್ತಿತ್ತು. ಮಳೆಗಾಲದ ನೀರನ್ನು ತಡೆದಿಟ್ಟು ವರ್ಷವೆಲ್ಲ ಒಂದೇ ಸಮ ಬಿಟ್ಟರೆ ಕರೆಂಟಿಗೂ ಆಯಿತು, ಗದ್ದೆಗೂ ಆಯಿತು. ಕನ್ನಂಬಾಡಿ ಕಟ್ಟೆಯ ಲೆಕ್ಕ ಹುಟ್ಟಿದ್ದು ಹೀಗೆ.

1911ರಲ್ಲಿ ಕೆಲಸ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೆನ್ನಿಗೆ ನಿಂತರು. ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲೇ ಕಟ್ಟೆ ಎದ್ದಿತು. ಹಳೇ ಕನ್ನಂಬಾಡಿ ಮುಳುಗಿತು, ಸುತ್ತಲ ಊರುಗಳ ಜನ ಮನೆ ಮಠ ಬಿಟ್ಟು ಎದ್ದರು. ಕಟ್ಟೆ ಪೂರ್ತಿ ಆಗೋ ಹೊತ್ತಿಗೆ 1930ರ ದಶಕ ಬಂದಿತ್ತು. ವಿಸಿ ನಾಲೆಯಲ್ಲಿ ನೀರು ಹರಿಯಿತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಬೆಳಗೊಳಕ್ಕೂ ಅದೇ ನೀರು, ಅದೇ ಕರೆಂಟಿನ ಹಿಂದೆ ಕಾರ್ಖಾನೆಗಳು ಬಂದವು. ದೇಶದ ಮೊದಮೊದಲ ಅಮೋನಿಯಾ ಗೊಬ್ಬರದ ಕಾರ್ಖಾನೆಗಳಲ್ಲಿ ಒಂದು ಇಲ್ಲೇ ಇತ್ತು. ಮುಂದೆ ಕಾಗದದ ಕಾರ್ಖಾನೆಯೂ ಬಂತು.

ಅದಿರು ಇದೆ, ಕಲ್ಲಿದ್ದಲು ಇಲ್ಲ

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ, ಸಾಬೂನು, ಹೀಗೆ ಆರು ವರ್ಷದಲ್ಲಿ ಒಂದರ ಹಿಂದೆ ಒಂದು ಬಂದವು. ಮೈಸೂರಿನಿಂದ ಬೆಳಗೊಳದ ಮೇಲೆ ಹಾಸನ, ಅರಸೀಕೆರೆಗೆ ಹೋಗುವ ರೈಲು ದಾರಿಯೂ ಆ ಕಾಲದ್ದೇ. ಅರಸೀಕೆರೆಯಿಂದ ಹಳಿ ಹಿಡಿದು ಬೀರೂರು ದಾಟಿದರೆ ಭದ್ರಾವತಿ. ಅವರ ಕಬ್ಬಿಣದ ಕನಸು ಇದ್ದದ್ದು ಅಲ್ಲಿ.

ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆ ಅದಿರು ಇತ್ತು. ಭದ್ರಾ ನದಿಯ ನೀರು ಇತ್ತು. ಇಲ್ಲದ್ದು ಕಲ್ಲಿದ್ದಲು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಕಲ್ಲಿದ್ದಲು ಗಣಿ ಹತ್ತಿರದಲ್ಲೇ ಇತ್ತು. ಅಲ್ಲಿಂದ ಮೈಸೂರಿಗೆ ತರಿಸಿದರೆ ಸಾಗಣೆ ಖರ್ಚೇ ಕಾರ್ಖಾನೆಯನ್ನು ನುಂಗಿಬಿಡುತ್ತಿತ್ತು.

ಕಲ್ಲಿದ್ದಲು ಅಷ್ಟು ಮುಖ್ಯ ಯಾಕೆ ಅಂದರೆ, ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಕಚ್ಚಿಕೊಂಡಿರುತ್ತೆ. ಅದನ್ನು ಬಿಡಿಸೋಕೆ ಇಂಗಾಲ ಬೇಕು, ಕರಗಿಸೋಕೆ ಬಿಸಿ ಬೇಕು. ಕಲ್ಲಿದ್ದಲು ಎರಡೂ ಕೆಲಸ ಮಾಡುತ್ತೆ. ಬಿಟ್ಟುಬಂದ ಆಮ್ಲಜನಕ ಇಂಗಾಲದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಆಚೆ ಹೋಗುತ್ತೆ. ಉಕ್ಕಿನ ಕಾರ್ಖಾನೆಯ ಹೊಗೆ ಬರೀ ಒಲೆಯ ಹೊಗೆಯಲ್ಲ, ಅದಿರನ್ನು ಕಬ್ಬಿಣ ಮಾಡುವ ಕೆಲಸದಲ್ಲೇ ಹುಟ್ಟುವಂಥದ್ದು.

ಹಳೇ ಮೈಸೂರಿನ ಹಳ್ಳಿ ಕುಲುಮೆಗಳಲ್ಲಿ ಕಬ್ಬಿಣ ತೆಗೆಯುತ್ತಿದ್ದವರು ಮರದ ಇದ್ದಿಲನ್ನೇ ನಂಬಿದ್ದರು. ವಿಶ್ವೇಶ್ವರಯ್ಯನವರ ಕಾಲದ ಯೋಜನೆಯೂ ಅದನ್ನೇ ಹಿಡಿಯಿತು, ಆದರೆ ದೊಡ್ಡ ಪ್ರಮಾಣದಲ್ಲಿ. ಮಲೆನಾಡಿನ ಕಾಡಿನ ಮರ ತಂದು, ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿ ಇದ್ದಿಲು ಮಾಡೋದು. ಆಗ ಹೊರಡುವ ಆವಿಯನ್ನು ಹಾಳು ಮಾಡದೆ ಅದರಿಂದ ಮರದ ಸ್ಪಿರಿಟ್ಟು, ಟಾರು, ಅಸಿಟೇಟು ತೆಗೆದು ಮಾರೋದು. ಇದ್ದಿಲನ್ನು ಬ್ಲಾಸ್ಟ್ ಫರ್ನೇಸ್ ಎನ್ನುವ ಊದು ಕುಲುಮೆಗೆ ಹಾಕೋದು. ನಕ್ಷೆ ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಕಂಪನಿಯದು. ಬೆಂಕಿಪುರ ಅನ್ನೋ ಊರು ಭದ್ರಾವತಿ ಆಯಿತು.

ನಷ್ಟದ ಕಾರ್ಖಾನೆ ಕೈಗೆ ಬಂತು

ಕಾರ್ಖಾನೆ ಏಳುವ ಮುಂಚೆಯೇ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಮಿಲ್ಲರ್ ಸಮಿತಿಯ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ. ಈ ವಿಷಯದಲ್ಲಿ ಅವರ ನಿಲುವನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ.

1923ರ ಜನವರಿಯಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡಿತು. ದಿನಕ್ಕೆ ಸುಮಾರು 60 ಟನ್ ಬೀಡು ಕಬ್ಬಿಣದ ಕುಲುಮೆ ಅದು. ಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಅಷ್ಟರಲ್ಲಿ ಪಾತಾಳಕ್ಕೆ ಇಳಿದಿತ್ತು. ಅಂದುಕೊಂಡಿದ್ದಕ್ಕಿಂತ ಖರ್ಚು ಜಾಸ್ತಿ ಆಗಿತ್ತು. ಜನರ ದುಡ್ಡು ನೀರಿಗೆ ಹಾಕಿದ ಹಾಗಾಯಿತು ಅನ್ನೋ ಮಾತು ಎದ್ದಿತು. ಆಗ ಮಹಾರಾಜರು ಮತ್ತೆ ಕರೆದದ್ದು ವಿಶ್ವೇಶ್ವರಯ್ಯನವರನ್ನೇ. ಅರವತ್ತು ದಾಟಿದ್ದ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು.

ಅವರು ಮಾಡಿದ್ದರಲ್ಲಿ ಪವಾಡ ಏನೂ ಇರಲಿಲ್ಲ. ಅಂಗಡಿ ನಡೆಸೋರಿಗೆಲ್ಲ ಗೊತ್ತಿರುವ ಕೆಲಸವೇ. ಯಾವ ವಿಭಾಗದಲ್ಲಿ ಎಷ್ಟು ಸೋರುತ್ತಿದೆ ಅಂತ ಲೆಕ್ಕ ಹಿಡಿದರು. ಹೆಚ್ಚಿನ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನವರನ್ನೇ ತಯಾರು ಮಾಡಿದರು. ಬರೀ ಬೀಡು ಕಬ್ಬಿಣ ಮಾರಿದರೆ ಕಾಸು ಗಿಟ್ಟಲ್ಲ ಅಂತ ಅದರಿಂದ ಪೈಪು ಎರಕ ಹೊಯ್ಯೋದು ಶುರುವಾಯಿತು. ಇದ್ದಿಲಿನ ಕಬ್ಬಿಣದಲ್ಲಿ ಗಂಧಕ ಕಡಿಮೆ ಇರೋದರಿಂದ ಎರಕಕ್ಕೆ ಅದು ಒಳ್ಳೆಯದು. ನಿಧಾನವಾಗಿ ಕಾರ್ಖಾನೆ ತನ್ನ ಖರ್ಚು ತಾನು ನೋಡಿಕೊಳ್ಳುವ ಹಂತಕ್ಕೆ ಬಂತು. ಅಷ್ಟು ವರ್ಷದ ತಮ್ಮ ಸಂಭಾವನೆಯನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ತಮ್ಮ ಹೆಸರು ಬೇಡ ಅಂದರು. ಅದು ಜಯಚಾಮರಾಜೇಂದ್ರ ಹೆಸರಿನಲ್ಲಿ ನಡೆಯಿತು.

ಕಾಡಿನ ಲೆಕ್ಕ

ಕಲ್ಲಿದ್ದಲು ಸುಡದೆ ಕಬ್ಬಿಣ ಮಾಡಿದ ಭದ್ರಾವತಿಯನ್ನು ಇವತ್ತಿನ ಕಣ್ಣಲ್ಲಿ ನೋಡಿ ಹಸಿರು ಕಾರ್ಖಾನೆ ಅಂತ ಹೊಗಳಿಬಿಡೋದು ಸುಲಭ. ಆದರೆ ಲೆಕ್ಕ ಅಷ್ಟು ಸಲೀಸಲ್ಲ.

ಇದ್ದಿಲು ಸುಟ್ಟರೂ ಇಂಗಾಲದ ಡೈಆಕ್ಸೈಡ್ ಬರುತ್ತೆ. ವ್ಯತ್ಯಾಸ ಇಷ್ಟೇ: ಮರದಲ್ಲಿರುವ ಇಂಗಾಲ ಮರ ಬೆಳೆಯುವಾಗ ಗಾಳಿಯಿಂದಲೇ ತೆಗೆದುಕೊಂಡದ್ದು. ಕಡಿದಷ್ಟೇ ಮರ ಮತ್ತೆ ಬೆಳೆದರೆ ಸಾಲ ತೀರುತ್ತೆ. ಬೆಳೆಯದಿದ್ದರೆ ಕಲ್ಲಿದ್ದಲಿನಂತೆ ಅದೂ ಗಾಳಿಯ ಮೇಲಿನ ಸಾಲವೇ, ಜೊತೆಗೆ ಕಾಡೂ ಹೋಯಿತು. ಭದ್ರಾವತಿಗಾಗಿ ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಕಾಡಿನೊಳಗೆ ಟ್ರಾಮ್ ಹಳಿ ಹಾಕಿ ದಶಕಗಟ್ಟಲೆ ಮರ ಸಾಗಿಸಿದರು. ನೂರಾರು ವರ್ಷ ನಿಂತ ಕಾಡು ನೆಟ್ಟ ತೋಪಿನ ಹಾಗೆ ನಾಲ್ಕಾರು ವರ್ಷದಲ್ಲಿ ವಾಪಸ್ ಬರೋದಿಲ್ಲ. ಬ್ರೆಜಿಲ್‌ನಲ್ಲಿ ಇವತ್ತಿಗೂ ಇದ್ದಿಲಿನಿಂದ ಕಬ್ಬಿಣ ಮಾಡುತ್ತಾರೆ, ಅದಕ್ಕೆಂದೇ ನೀಲಗಿರಿ ತೋಪು ಬೆಳೆಸುತ್ತಾರೆ. ಅಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಕಡಿದದ್ದೆಷ್ಟು, ಬೆಳೆಸಿದ್ದೆಷ್ಟು?

ಭದ್ರಾವತಿಗೆ ಎರಡನೇ ದಾರಿ ತೋರಿಸಿದ್ದು ನೀರಿನ ಕರೆಂಟು. 1940ರ ದಶಕದ ಕೊನೆಗೆ ಜೋಗದಲ್ಲಿ ದೊಡ್ಡ ವಿದ್ಯುದಾಗಾರ ಬಂತು. 1950ರ ದಶಕದಲ್ಲಿ ಭದ್ರಾವತಿಯಲ್ಲಿ ಕರೆಂಟಿನಿಂದ ಅದಿರು ಕರಗಿಸುವ ಕುಲುಮೆಗಳು ಕೂತವು. ಬಿಸಿಯ ಕೆಲಸ ಕರೆಂಟಿನದಾಯಿತು, ಆಮ್ಲಜನಕ ಬಿಡಿಸುವ ಕೆಲಸಕ್ಕಷ್ಟೇ ಇಂಗಾಲ ಸಾಕಾಯಿತು. ಒಂದು ಟನ್ ಕಬ್ಬಿಣಕ್ಕೆ ಬೇಕಾದ ಇದ್ದಿಲು ತುಂಬ ಇಳಿಯಿತು. ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಬರಲಿ ಅಂತ ಕಟ್ಟೆ ಕಟ್ಟಿದವರು, ನೀರಿನ ಕರೆಂಟು ತಾವು ನಿಲ್ಲಿಸಿದ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸೋದನ್ನು ತಮ್ಮ ಜೀವಿತಕಾಲದಲ್ಲೇ ಕಂಡರು.

ಅವರೇನೂ ಕಲ್ಲಿದ್ದಲಿನ ವಿರೋಧಿಯಾಗಿರಲಿಲ್ಲ. 1927ರಿಂದ 1955ರವರೆಗೆ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಎಲ್ಲಿ ಏನು ಸಿಗುತ್ತದೋ ಅದರಲ್ಲಿ ಲೆಕ್ಕ ಕೂಡಿಸೋದು ಅವರ ರೀತಿ. ಹೊಗೆಯ ಲೆಕ್ಕ ಮಾತ್ರ ಆ ಕಾಲದಲ್ಲಿ ಯಾರ ಪುಸ್ತಕದಲ್ಲೂ ಇರಲಿಲ್ಲ.

ಈಗ ಆ ಲೆಕ್ಕ ಬಂದಿದೆ

1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬಿ ಬಾಳಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ. ಭದ್ರಾವತಿ ಕಾರ್ಖಾನೆಗೆ ಮುಂದೆ ಅವರ ಹೆಸರೇ ಬಂತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷ ಒಂದು ಭಾಗ ಮತ್ತೆ ಓಡಿತು.

ಇವತ್ತು ಭಾರತದಲ್ಲಿ ಒಂದು ಟನ್ ಉಕ್ಕು ಮಾಡಿದರೆ ಸರಾಸರಿ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಸಿರು ಉಕ್ಕಿಗೆ ಒಂದು ಅಳತೆ ಹಾಕಿತು. ಟನ್ನಿಗೆ 2.2 ಟನ್‌ಗಿಂತ ಕಡಿಮೆ ಹೊಗೆಯಾದರೆ ಮೂರು ಸ್ಟಾರು, 2ಕ್ಕಿಂತ ಕಡಿಮೆಯಾದರೆ ನಾಲ್ಕು, 1.6ಕ್ಕಿಂತ ಕಡಿಮೆಯಾದರೆ ಐದು. ಫ್ರಿಜ್ಜಿನ ಮೇಲಿನ ಸ್ಟಾರ್ ಇದ್ದ ಹಾಗೆ. ಇಂಗಾಲದ ಬದಲು ಜಲಜನಕ ಬಳಸಿ ಅದಿರಿನಿಂದ ಆಮ್ಲಜನಕ ಬಿಡಿಸುವ ಪ್ರಯತ್ನವೂ ನಡೆದಿದೆ. ಆಗ ಆಚೆ ಬರೋದು ನೀರಿನ ಆವಿ. ಆದರೆ ಆ ಜಲಜನಕ ಮಾಡೋಕೂ ಬಿಸಿಲು, ಗಾಳಿ ಅಥವಾ ನೀರಿನ ಕರೆಂಟೇ ಬೇಕು.

ಎಲ್ಲಕ್ಕಿಂತ ಕಡಿಮೆ ಹೊಗೆಯಲ್ಲಿ ಆಗುವ ಕೆಲಸ ಹಳೇ ಕಬ್ಬಿಣವನ್ನು ಕರೆಂಟಿನ ಕುಲುಮೆಯಲ್ಲಿ ಮತ್ತೆ ಕರಗಿಸೋದು. ಒಮ್ಮೆ ಬಿಟ್ಟುಹೋದ ಆಮ್ಲಜನಕವನ್ನು ಮತ್ತೆ ಬಿಡಿಸಬೇಕಾಗಿಲ್ಲ. ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ಬೀಳುವ ಮುರಿದ ನೇಗಿಲು, ತುಕ್ಕು ಹಿಡಿದ ಪಂಪ್‌ಸೆಟ್ಟು, ಹಳೇ ಕಂಬಿ ಕೂಡ ಈ ಲೆಕ್ಕದಲ್ಲಿ ಅದಿರೇ, ಅದೂ ಗಣಿ ಅಗೆಯದೆ ಸಿಗುವ ಅದಿರು. ಮಹಾರಾಜರು ಕರೆದು ಕಾರ್ಖಾನೆ ಒಪ್ಪಿಸಿದಾಗ ವಿಶ್ವೇಶ್ವರಯ್ಯನವರು ಮೊದಲು ನೋಡಿದ್ದು ಎಲ್ಲಿ ಏನು ಪೋಲಾಗುತ್ತಿದೆ ಅನ್ನೋದನ್ನು. ಮುಂದಿನ ಸಲ ಕಂಬಿ ಕೊಳ್ಳುವಾಗ ರೇಟಿನ ಜೊತೆ ಸ್ಟಾರ್ ಎಷ್ಟು ಅಂತಲೂ ಒಂದು ಮಾತು ಕೇಳಿದರೆ, ಅಂಗಡಿಯವರು ಕಂಪನಿಯನ್ನು ಕೇಳುತ್ತಾರೆ. ಕಂಪನಿಯೂ ಲೆಕ್ಕ ಕೊಡಬೇಕಾಗುತ್ತದೆ.